ಸೇತುವೆಯ ಕೆಳಗಿನ ಊಟ

ಮಾರಿಕುಪ್ಪಂ, ಮಂಗಳವಾರ ಮಧ್ಯಾಹ್ನ

ಅವ್ವಾ,

ನಾನು ಕಟ್ಟಿಸಿದ ಮೊದಲ ಸೇತುವೆ ಗಟ್ಟಿಯಾಗಿ ನಿಂತಿದೆ! ಬೆಳಿಗ್ಗೆ ಸ್ಲ್ಯಾಬಿನ ಸೆಂಟ್ರಿಂಗ್ ಬಿಚ್ಚಿದೆವು. ಆಸರೆಯ ಕಂಬಗಳೆಲ್ಲ ಹೋದ ಮೇಲೆ ಮೇಸ್ತ್ರಿ ಸೀನಪ್ಪ ಅದರ ಕೆಳಗೇ ಚಾಪೆ ಹಾಸಿ, "ಮೇಡಮ್ನೋರು ಮೊದ್ಲು ಕುಂತ್ಕಂಡು ಉಣ್ಲಿ, ಆಮ್ಯಾಕೆ ನಾವು ಬತ್ತೀವಿ" ಅಂದರು. ಕಟ್ಟಿಸಿದವರೇ ಮೊದಲು ಕೆಳಗೆ ಕೂತು ಧೈರ್ಯ ತೋರಿಸಬೇಕು ಅನ್ನುವುದು ಅವರ ತಂಡದ ಪದ್ಧತಿಯಂತೆ. ಹೋಗಿ ಕೂತೆ. ಕಣ್ಣೆಲ್ಲ ಸ್ಲ್ಯಾಬಿನ ಮೇಲಿತ್ತು, ಮುದ್ದೆಯನ್ನು ನಮ್ಮ ರೊಟ್ಟಿಯಂತೆ ಅಗಿದುಬಿಟ್ಟೆ. "ಅಯ್ಯೋ, ಅಗೀಬ್ಯಾಡಿ, ನುಂಗಿ!" ಎಂದು ನಗುತ್ತಲೇ ಕೆಲಸದವರೆಲ್ಲ ಒಳಗೆ ಬಂದು ಕೂತರು.

ಕೆಮ್ಮು ವಾಸಿಯಾಗಿದೆ. ಶೇಂಗಾ ಚಟ್ನಿಪುಡಿ ಕಳಿಸು. ಹುಡುಗಿಗೆ ಸಿವಿಲ್ ಇಂಜಿನಿಯರಿಂಗ್ ಯಾಕೆ ಅಂದಿದ್ದ ಸೋದರಮಾವನಿಗೂ ಇದನ್ನು ಓದಿ ಹೇಳು.

ಕಾರ್ಡಿನಲ್ಲಿ ಜಾಗ ಮುಗಿಯಿತು. ಸೇತುವೆಯ ಕೆಳಗೇ ಕೂತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ಸೀನಪ್ಪ ಗೊರಕೆ ಹೊಡೆಯುತ್ತಿದ್ದಾರೆ.

ನಿನ್ನ ದಾಕ್ಷಾಯಣಿ