ಕುಬೇರಪ್ಪನ ಹೊಲದ ತಾಮ್ರ

ಅಣ್ಣಿಗೇರಿ ಸೀಮೆಯ ಹೊಲವೊಂದರಿಂದ
೧೯೮೭ರ ಬೇಸಿಗೆ

ಗನೀ,

ಈ ಅಕ್ಷರ ನೋಡಿದ ಕೂಡಲೇ ಯಾರದೆಂದು ಗುರುತು ಹಿಡಿಯುತ್ತೀ. ಏಳನೆಯ ಇಯತ್ತೆಗೇ ಸಾಲೆ ಬಿಟ್ಟ ಈ ಹೊಳೆಯಪ್ಪನ ಅಕ್ಷರ ಇನ್ನೂ ನೆಟ್ಟಗಾಗಿಲ್ಲ. ಹರಿದು ಒಗೆಯುವುದಿದ್ದರೂ ಒಮ್ಮೆ ಓದಿ ಹರಿ.

ಮೊನ್ನೆ ಸಂತೆಯಲ್ಲಿ ನಿನ್ನ ಮಾವ ಹಸನಸಾಬ ಸಿಕ್ಕಿದ್ದರು. ನೀನು ನವಲಗುಂದದಲ್ಲಿ ನೀರಿನ ಬೋರು ಕೊರೆಯುವ ಗಾಡಿಯ ಮೇಲೆ ಇದ್ದೀಯಂತೆ, ಮಗಳು ಹುಟ್ಟಿದ್ದಾಳಂತೆ. ಕೇಳಿ ಖುಷಿಯಾಯಿತು. ನಿನ್ನ ಬಾಯಿಂದ ಕೇಳಲಿಲ್ಲವಲ್ಲ ಎಂದು ಸಂಕಟವೂ ಆಯಿತು.

ಸುಗ್ಗಿ ಮುಗಿದ ಮೇಲೆ ನಾನೂ ಅಪ್ಪನೂ ಕುರಿ ಹೊಡೆದುಕೊಂಡು ಈ ಎರೆ ಸೀಮೆಗೆ ಬಂದಿದ್ದೇವೆ. ಕಣ್ಣು ಹಾಯಿಸಿದಷ್ಟೂ ಕರಿ ಮಣ್ಣು. ನಾಯಿಗೆ ಎಸೆಯಲು ಒಂದು ಕಲ್ಲು ಸಿಗುವುದಿಲ್ಲ. ಅದಕ್ಕೇ ಇರಬೇಕು, ನಮ್ಮ ದೇವಿಕೊಪ್ಪದ ಗುಡ್ಡ ಬಹಳ ನೆನಪಾಗುತ್ತದೆ. ತುದಿಯಲ್ಲಿ ಸುಟ್ಟ ಇಟ್ಟಿಗೆಯಂಥ ಕೆಂಪು ಕಲ್ಲು, ಅದರ ಸಂದಿಯಲ್ಲಿ ಪಾಚಿಯಂಥ ಹಸಿರು. ಅದು ಪಾಚಿಯಲ್ಲ, ತಾಮ್ರ ಗಾಳಿ ಮಳೆಗೆ ಸಿಕ್ಕು ಹಾಗಾಗಿದೆ ಎಂದು ಅದಿರಿನ ಸರ್ವೆಗೆ ಬಂದ ಸಾಹೇಬರು ಹೇಳುವವರೆಗೆ ನಾನು ಅದರ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದೆ.

ಆಮೇಲೆ ನೀನು ಕೊರೆಯುವ ಮಷೀನಿನ ಜೊತೆ ಬಂದೆ. ನೆಲದಾಳದಿಂದ ಕೋಲಿನಂಥ ಕಲ್ಲು ತೆಗೆದು ಕೊಡುವವನು ನೀನು, ತೊಳೆದು ಪೆಟ್ಟಿಗೆಯಲ್ಲಿ ಸಾಲಾಗಿ ಇಡುವವನು ನಾನು. "ಏ ಕುರಿ ಮಾಸ್ತರಾ, ಎಷ್ಟ ತಿಕ್ತೀಲೇ! ಅದಕ್ಕೇನ್ ಕನ್ಯಾ ನೋಡಾಕ ಬರ್ತಾರನು?" ಎನ್ನುತ್ತಿದ್ದೆ. ಕರಿ ಕಲ್ಲಿನ ನಡುವೆ ಬಿಳಿ ಗೆರೆ, ಗೆರೆಯೊಳಗೆ ಹಿತ್ತಾಳೆಯಂತೆ ಹೊಳೆಯುವುದು ತಾಮ್ರ, ಬೆಲ್ಲದ ಬಣ್ಣದ್ದು ಸತು. ಬೆಳ್ಳಿಯೂ ಇದೆಯಂತಲ್ಲ, ಎಲ್ಲಿ ಎಂದು ನಾನು ಕೇಳಿದ್ದಕ್ಕೆ ಸಾಹೇಬರು, ಇದರಲ್ಲೇ ಬೆರೆತಿದೆ, ಕಣ್ಣಿಗೆ ಕಾಣುವುದಿಲ್ಲ ಎಂದರು. ನೀನು ನನ್ನ ಕಿವಿಯಲ್ಲಿ, "ನಮ್ಮ ಪಗಾರ ಇದ್ದಂಗ ಐತಿ ನೋಡಲೇ. ಐತಿ ಅಂತಾರ, ಕಾಣೂದಿಲ್ಲ" ಅಂದೆ. ನಾನು ನಕ್ಕು ಕಲ್ಲು ಕೈಜಾರಿಸಿ ಬೈಸಿಕೊಂಡೆ. ಅಷ್ಟು ನಗು ಆಮೇಲೆ ನನಗೆ ಯಾರ ಹತ್ತಿರವೂ ಬಂದಿಲ್ಲ.

ಆದರೆ ಗುಡ್ಡದ ಗೆರೆ ಬೆರಳಿನಷ್ಟೇ ತೆಳು. ಅದು ಕೆಳಗೆ ಕುಬೇರಪ್ಪ ಕಾಕಾನ ಹೊಲದವರೆಗೆ ಹರಿದಿದ್ದರೆ ಕೆಲಸ ಮುಂದುವರಿಯುತ್ತದೆ, ಇಲ್ಲವಾದರೆ ಡೇರೆ ಕೀಳುವುದೇ ಎಂದು ಸಾಹೇಬರು ಹೇಳಿದ್ದರು. ಸಾಲು ಹಿಡಿದು ತಗ್ಗು ತೋಡಿ ಮಣ್ಣನ್ನು ಅರಿವೆ ಚೀಲದಲ್ಲಿ ತುಂಬಿ ಪರೀಕ್ಷೆಗೆ ಕಳಿಸಿದೆವು. ಕಾಕಾನ ಹೊಲದ ಮಣ್ಣಿನಲ್ಲಿ ತಾಮ್ರ ಜೋರಾಗಿ ಬಂದಿದೆ ಎಂದು ಸುದ್ದಿ ಬಂದ ದಿನ ಕಾಕಾ ಹೊಸ ರುಮಾಲು ಸುತ್ತಿಕೊಂಡು ಬಂದ. ನೀನು ನಮ್ಮ ಒಲೆಯ ಮುಂದೆ ಕೂತು, "ಯವ್ವಾ, ಇನ್ನ ನನ್ನ ಕೆಲಸ ಕಾಯಂ. ನಿಮ್ಮ ಬಾಜೂಕ ಮನಿ ಹಿಡೀತೀನಿ" ಎಂದೆ. ಅವ್ವ, "ಮೊದಲ ರೊಟ್ಟಿ ತಿನ್ನಪಾ, ಆಮ್ಯಾಲ ಮನಿ ಹಿಡಿಯಂತಿ" ಎಂದು ನಿನ್ನ ತಾಟಿಗೆ ಬೆಣ್ಣೆ ಹಾಕಿದಳು.

ಸಾಹೇಬರಿಗೆ ಮಾತ್ರ ಸಮಾಧಾನವಿರಲಿಲ್ಲ. ಹೊಲದಲ್ಲಿ ಎಲ್ಲರನ್ನೂ ನಿಲ್ಲಿಸಿ ಕೇಳಿದರು: "ಗುಡ್ಡದಲ್ಲಿ ತಾಮ್ರ, ಸತು, ಬೆಳ್ಳಿ ಮೂರೂ ಜೊತೆಗಿವೆ. ಇಲ್ಲಿ ತಾಮ್ರ ಒಂದೇ ಬಂದಿದೆ. ಈ ಜಾಗದಲ್ಲಿ ಯಾರಾದರೂ ಏನಾದರೂ ಸುರಿದಿದ್ದೀರಾ?" ಕಾಕಾ, "ಏನೂ ಇಲ್ರಿ, ಶುದ್ಧ ಭೂಮಿರಿ ಇದು" ಎಂದ. ಉಳಿದವರು ನೆಲ ನೋಡಿದರು. ನೀನು ನನ್ನನ್ನು ನೋಡಿದೆ.

ನಮ್ಮಿಬ್ಬರಿಗೂ ಗೊತ್ತಿತ್ತು. ಹಿಂದಿನ ಮಳೆಗಾಲ ಗೊಬ್ಬರಕ್ಕೆಂದು ಅಪ್ಪ ಅದೇ ಹೊಲದಲ್ಲಿ ಕುರಿ ತರುಬಿ ನಿಲ್ಲಿಸಿದ್ದ. ಕೆಸರಿಗೆ ಕುರಿಗಳ ಗೊರಸು ಕೊಳೆತಾಗ ತಗ್ಗು ತೋಡಿ, ನೀರಿಗೆ ಮೈಲುತುತ್ತ ಕಲಸಿ ಒಂದೊಂದನ್ನೇ ಅದರಲ್ಲಿ ನಡೆಸಿದೆವು. ಹಟಮಾರಿ ಟಗರನ್ನು ಕೊಂಬು ಹಿಡಿದು ಎಳೆದವನು ನೀನೇ, ನಿನ್ನ ಲುಂಗಿ ನೀಲಿಯಾಗಿತ್ತು. ಮುಗಿದ ಮೇಲೆ ಉಳಿದ ನೀರನ್ನು ಅಲ್ಲೇ ಚೆಲ್ಲಿ ತಗ್ಗು ಮುಚ್ಚಿದೆವು. ಮೈಲುತುತ್ತದಲ್ಲಿ ಇರುವುದೂ ತಾಮ್ರವೇ.

"ಸಾಹೇಬ್ರ, ಇಲ್ಲಿ ನಾವು ಕುರಿ ಕಾಲಿಗೆ ಮೈಲುತುತ್ತ ಹಾಕಿದ್ವಿರಿ" ಎಂದೆ.

ಅವರು ಸ್ವಲ್ಪ ಆಚೆಯ ಮಣ್ಣು ತೆಗೆಸಿ ಮತ್ತೆ ಕಳಿಸಿದರು. ಏನೂ ಬರಲಿಲ್ಲ. ಮಷೀನು ಲಾರಿ ಏರಿತು. ಕಾಕಾ ತನ್ನ ಹೊಲದಲ್ಲಿ ನಮ್ಮ ಕುರಿಗೆ ಕಾಲಿಡಲು ಬಿಡಲಿಲ್ಲ. ನೀನು ಹತ್ತುವ ಮುಂಚೆ ಅಂದೆ: "ಸುಮ್ಮ ಇದ್ರ ಸುಳ್ಳ ಹೇಳಿದಂಗ ಆಗ್ತಿದ್ದಿಲ್ಲಲೇ. ನೀ ಒಬ್ಬನ ಯಾಕ ಬಾಯಿ ತಗದಿ?" ನಾನು ಉತ್ತರ ಕೊಡಲಿಲ್ಲ.

ಈಗ ಕೊಡುತ್ತೇನೆ. ಸುಮ್ಮನಿದ್ದರೆ ಸುಳ್ಳಾಗುತ್ತಿರಲಿಲ್ಲ, ನೀನು ಹೇಳಿದ್ದು ಸರಿ. ಆದರೆ ಆ ಹೊಲದಲ್ಲಿ ಕೊರೆಯಲು ಹಚ್ಚಿದ್ದರೆ ನೀನು ದಿನಾ ಬರಿಗಲ್ಲು ತೆಗೆದು ಕೊಡುತ್ತಾ, ಇವತ್ತು ಹೊಳೆಯುವುದು ಬರುತ್ತದೆ, ನಾಳೆ ಬರುತ್ತದೆ ಎಂದು ನನ್ನ ಮುಖ ನೋಡುತ್ತಿದ್ದೆ. ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಅದನ್ನು ತೊಳೆದು ಪೆಟ್ಟಿಗೆ ತುಂಬಬೇಕಿತ್ತು. ನಿನ್ನ ಎದುರಿಗೆ ಕೂತು ಅದು ನನ್ನಿಂದ ಆಗುತ್ತಿರಲಿಲ್ಲ. ಬೇರೆ ಯಾರ ಎದುರಿಗೋ ಆಗಿದ್ದರೆ ಆಗುತ್ತಿತ್ತೇನೋ, ಅದೂ ಗೊತ್ತಿಲ್ಲ.

ತಪ್ಪಾಯಿತು ಎಂದು ಬರೆಯಲಾರೆ. ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ನಿನ್ನ ಲಾರಿ ಹೋದ ಮೇಲೆ ಕುರಿ ಕಾಯುವುದು, ಸಂತೆ, ಊಟ ಯಾವುದರಲ್ಲೂ ಮನಸ್ಸು ನಿಂತಿಲ್ಲ ಎನ್ನುವುದೂ ಅಷ್ಟೇ ಖರೆ.

ಬರುವ ಶುಕ್ರವಾರ ನಮಾಜು ಮುಗಿಯುವ ಹೊತ್ತಿಗೆ ನವಲಗುಂದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂತಿರುತ್ತೇನೆ. ಬಂದು ಬೈದರೂ ಸರಿ. ಬಾರದಿದ್ದರೆ ಸಂಜೆಯ ಬಸ್ಸಿಗೆ ವಾಪಸ್ಸು ಬರುತ್ತೇನೆ, ಮುಂದಿನ ಶುಕ್ರವಾರ ಮತ್ತೆ ಹೋಗುತ್ತೇನೆ. ಮಳೆ ಹಿಡಿದು ಕುರಿ ಊರಿಗೆ ತಿರುಗುವವರೆಗೂ ಹೀಗೆಯೇ.

ನಿನ್ನ ಮಗಳ ನೆತ್ತಿ ತಣ್ಣಗಿರಲಿ. ನೀನು ಕೊರೆದ ಕಡೆಯೆಲ್ಲ ನೀರು ಬೀಳಲಿ.

ನಿನ್ನ ದಾರಿ ನೋಡುವ,
ಹೊಳೆಯಪ್ಪ