ತಿಳಿನೀರಿಗೂ ಔಷಧಿ

ಈಜುಕೊಳದ ಕಚೇರಿ
ಭಾನುವಾರ, ಮುಂಜಾನೆ

ನನ್ನ ಮುದ್ದು ಮೀನುಮರಿಗೆ,

ಇಂದು ಕೊಳಕ್ಕೆ ರಜೆ. ನೀರು ಇನ್ನೂ ನಿದ್ದೆಯಲ್ಲಿದೆ. ಗಾಜಿನ ಚಾವಣಿಯಿಂದ ಇಳಿದ ಬೆಳಕು ತಳದ ನೀಲಿ ಟೈಲುಗಳ ಮೇಲೆ ಬಲೆ ಹೆಣೆಯುತ್ತಿದೆ. ನೋಡುತ್ತ ಕುಳಿತರೆ ಕುರ್ಚಿಯೇ ತೇಲುತ್ತಿರುವಂತೆ ಭಾಸವಾಗುತ್ತದೆ.

ಶುಕ್ರವಾರ ನೀನು ಮಕ್ಕಳ ತರಗತಿ ಮುಗಿಸಿ, ಒದ್ದೆ ಟವೆಲನ್ನು ಹೆಗಲಿಗೆಸೆದು, 'ಟೀಚರ್, ಆ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಬಿಟ್ಟೆ. ದಿನಾ ಇಷ್ಟು ಈಜೋಳಿಗೆ ಅದ್ಯಾಕೆ? ಮೇಲಾಗಿ ತೊಡೆ ನೋವು ಬೇರೆ' ಎಂದು ನಗುತ್ತ ಹೊರಟೆ. ಉತ್ತರವನ್ನು ನಾನು ಈ ಪತ್ರಕ್ಕೆ ಉಳಿಸಿಕೊಂಡೆ. ಅಲ್ಲೇ ಹೇಳಿದ್ದರೆ ನಮ್ಮಿಬ್ಬರಲ್ಲಿ ಒಬ್ಬರು ಅಳುತ್ತಿದ್ದರು, ಬಹುಶಃ ನಾನೇ.

ನಿನ್ನೆ ಮಧ್ಯಾಹ್ನ ಇದೇ ಕುರ್ಚಿಯಲ್ಲಿ ಕಣ್ಣು ಹತ್ತಿತು. ಕನಸಿನಲ್ಲಿ ನಿನ್ನ ಅಪ್ಪ ಬಂದಿದ್ದರು. ಈ ಕೊಳದ ನೀರು ನೋಡಿಕೊಳ್ಳುತ್ತಿದ್ದ ಕಾಲದಲ್ಲಿದ್ದಂತೆಯೇ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಗಾಜಿನ ನಳಿಗೆಯಲ್ಲಿ ನೀರು ತುಂಬಿ, ಕ್ಲೋರಿನ್ ಪರೀಕ್ಷೆಯ ಹನಿ ಹಾಕಿ, ಬಣ್ಣ ಮೂಡುವುದನ್ನೇ ಬೆಳಕಿಗೆ ಹಿಡಿದು ಕಾಯುತ್ತಿದ್ದರು. ಪುಟ್ಟವಳಿದ್ದಾಗ ನೀನು ಒಮ್ಮೆ ಕೇಳಿದ್ದೆ: 'ಅಪ್ಪಾ, ನೀರು ಇಷ್ಟು ಚೆನ್ನಾಗಿದ್ಯಲ್ಲ, ಮತ್ಯಾಕೆ ಔಷಧಿ ಹಾಕ್ತೀಯ?' ಅವರು, 'ಹಾಕ್ತಿರೋದಕ್ಕೇ ಚೆನ್ನಾಗಿರೋದು ಕಣೇ, ಮಂಕೇ' ಎಂದಿದ್ದರು. ಕನಸಿನಲ್ಲೂ ಅದನ್ನೇ ಹೇಳಿದರು. ಮಾತು ಮಾತ್ರ ಗುಳ್ಳೆಗಳಾಗಿ ಮೇಲಕ್ಕೆ ಹೋಯಿತು. ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು, ಎಚ್ಚರವಾಯಿತು. ಯಾರೆಂಬುದು ಆಮೇಲೆ.

ನೀರಿನ ಬಣ್ಣ ಓದುತ್ತಿದ್ದ ಆ ಮನುಷ್ಯ ತನ್ನ ರಕ್ತವನ್ನು ಒಮ್ಮೆಯೂ ಪರೀಕ್ಷೆ ಮಾಡಿಸಲಿಲ್ಲ. ನಲವತ್ತೆರಡಕ್ಕೇ ಎದೆ ಹಿಡಿದು ಕುಸಿದರು. 'ಅಪ್ಪ ಸಿಗರೇಟ್ ಸೇದ್ತಿದ್ರು, ನಾನು ಸೇದಲ್ವಲ್ಲ' ಎನ್ನುತ್ತೀಯ. ನಿಜ. ಆದರೆ ಅವರಿಂದ ನಿನಗೆ ಬಂದದ್ದು ಆ ನಗು, ಆ ನೀಳ ತೋಳುಗಳಷ್ಟೇ ಅಲ್ಲ. ವಂಶದಲ್ಲಿ ಹರಿಯುವ ಈ ಕೊಲೆಸ್ಟ್ರಾಲ್ ಕೂಡ. ಈಜು ಹೃದಯಕ್ಕೆ ಒಳ್ಳೆಯದೇ, ಬಿಡಬೇಡ. ಆದರೆ ಈಜು, ಪಥ್ಯಗಳಿಂದಷ್ಟೇ ಇದು ಹಿಡಿತಕ್ಕೆ ಬರದೆಂದು ನಿನ್ನ ಡಾಕ್ಟರೇ ನನ್ನೆದುರು ಹೇಳಿದ್ದರು. ನಿನ್ನ ಎರಡನೆಯ ರಕ್ತ ಪರೀಕ್ಷೆಯಲ್ಲಿ ಅಂಕಿ ಇಳಿದದ್ದು ಮಾತ್ರೆಯಿಂದ. ನಿಲ್ಲಿಸಿದರೆ ಮತ್ತೆ ಏರುತ್ತದೆ, ಸದ್ದಿಲ್ಲದೆ.

ತೊಡೆ ನೋವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಈಜುವವರಾದ ನಮಗೊಂದು ಹುಚ್ಚಿದೆ: ಮೈ ನೊಂದರೆ ಅಭ್ಯಾಸ ಚೆನ್ನಾಗಾಯಿತೆಂದು ಬೀಗುತ್ತೇವೆ. ಈ ಸಲ ಮಾತ್ರ ನೀನು ತಪ್ಪನ್ನೆಲ್ಲ ಮಾತ್ರೆಯ ತಲೆಗೆ ಕಟ್ಟಿದೆ. ಅದನ್ನು ಶುರು ಮಾಡಿದ ವಾರವೇ ಕಾಲಿಗೆ ರಬ್ಬರ್ ರೆಕ್ಕೆ ತೊಟ್ಟು ಹೊಸ ಅಭ್ಯಾಸ ಹಿಡಿದೆಯಲ್ಲ, ಮರೆತೆಯಾ? ನೋವು ಯಾವುದರದ್ದೋ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಡಾಕ್ಟರನ್ನು ಕೇಳು. ಮಾತ್ರೆಯದ್ದೇ ಆದರೆ ಪ್ರಮಾಣ ಇಳಿಸಿಯಾರು, ಬೇರೆಯದನ್ನು ಕೊಟ್ಟಾರು. ತಡೆಯಲಾರದ ನೋವೋ ನಿಶ್ಶಕ್ತಿಯೋ ಬಂದರೆ, ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಆ ಕ್ಷಣವೇ ಓಡು. ತಾಯಾಗುವ ಆಸೆ ಮೂಡಿದರೆ ಅದನ್ನೂ ಮೊದಲೇ ಅವರಿಗೆ ತಿಳಿಸು.

'ಜೀವನವಿಡೀ ನುಂಗ್ಬೇಕಾ ಟೀಚರ್?' ಎಂದು ಹಿಂದೊಮ್ಮೆ ಕೇಳಿದ್ದೆ. ಬಹುಶಃ ಹೌದು, ಮಗಳೇ. ಆ ಜೀವನ ಉದ್ದವಾಗಿರಲಿ ಎಂದೇ.

ನಿನ್ನನ್ನು ಮೊದಲು ನೀರಿಗೆ ಬಿಟ್ಟ ಕೈಯಿಂದ,
ನಿನ್ನ ಸೀಟಿ ಟೀಚರ್

ಮರೆತಿದ್ದೆ ಎಂದರೆ ಸುಳ್ಳಾದೀತು, ಕೊನೆಗೆಂದೇ ಇಟ್ಟುಕೊಂಡೆ: ನಿನ್ನೆ ಬಾಗಿಲು ತಟ್ಟಿದವಳು ನಿನ್ನ ತಂಗಿ. ಅವಳೂ ರಕ್ತ ಪರೀಕ್ಷೆ ಮಾಡಿಸಿದ್ದಾಳೆ. ಅಂಕಿ ನಿನ್ನದಕ್ಕಿಂತ ಹೆಚ್ಚು. 'ಅಕ್ಕಂಗೆ ಹೇಳೋಕೆ ಭಯ, ನೀವೇ ಬರೀರಿ' ಎಂದಳು. ಮಾತ್ರೆ ಅವಳ ಚೀಲದಲ್ಲೇ ಇದೆ, ಪೊಟ್ಟಣ ಇನ್ನೂ ಒಡೆದಿಲ್ಲ. ಏಕೆಂದರೆ, 'ಅಕ್ಕನೇ ಬಿಟ್ಟಿದ್ದಾಳಲ್ಲ.' ನೆನಪಿದೆಯೇ? ಈಜು ಕಲಿಯಲು ಬಂದ ಮೊದಲ ದಿನ ನೀನು ಧುಮುಕುವವರೆಗೂ ಅವಳು ಮೆಟ್ಟಿಲು ಬಿಟ್ಟು ಕದಲಿರಲಿಲ್ಲ.