ಕೂಡಿ ಹೇಳುವ ಸಾಲು

ಹದಿನಾಲ್ಕನೇ ತಾರೀಖು, ಶನಿವಾರ
ಸಂಜೆ ಐದು ಗಂಟೆ

ಪ್ರೀತಿಯ ಅಕ್ಕನಿಗೆ,

ನಿನ್ನ ತಮ್ಮ ಮರಿ ಮಾಡುವ ನಮಸ್ಕಾರ. ಲಕೋಟೆಯ ಮೇಲಿನ ಕಾಗೆಕಾಲು ಅಕ್ಷರ ನೋಡಿದಾಗಲೇ ನಿನಗೆ ಗೊತ್ತಾಗಿರುತ್ತದೆ. ಆರು ವರ್ಷದ ಮೇಲೆ ಬಂದ ಕಾಗದ ಎಂದು ಗಾಬರಿಯಾಗಬೇಡ. ಕೈಕಾಲು ನೆಟ್ಟಗಿವೆ, ಕೆಲಸ ಇದೆ, ತಲೆಗೂದಲು ಮಾತ್ರ ಅರ್ಧಕ್ಕರ್ಧ ನನ್ನನ್ನು ಬಿಟ್ಟುಹೋಗಿದೆ. ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲೇ ಇದ್ದೀಯೋ, ಇಲ್ಲ ನಿವೃತ್ತಿ ತೆಗೆದುಕೊಂಡೆಯೋ? ಆ ಬಿಸಿ ಹಬೆಯಲ್ಲಿ ನಿಂತು ನಿಂತು ನಿನ್ನ ಬೆರಳ ತುದಿಗಳು ಯಾವಾಗಲೂ ನೆನೆದ ಕಾಗದದ ಹಾಗೆ ಇರುತ್ತಿದ್ದವು. ನನ್ನ ಹಣೆ ಮುಟ್ಟಿ ಜ್ವರ ನೋಡುವಾಗ ತಣ್ಣಗೆ ಅನ್ನಿಸುತ್ತಿತ್ತು.

ನನ್ನದು ಇಲ್ಲಿಯೂ ಅದೇ ಲಿಫ್ಟ್ ರಿಪೇರಿ ಕೆಲಸ. ಈ ಊರಿನಲ್ಲಿ ಎತ್ತರದ ಕಟ್ಟಡಗಳಿಗೆ ಬರವಿಲ್ಲ, ಹಾಗಾಗಿ ಕೆಲಸಕ್ಕೂ ಬರವಿಲ್ಲ. ಮಾತಿಗೆ ಮಾತ್ರ ಬರ. ಲಿಫ್ಟಿನ ಬಾವಿಯೊಳಗೆ ಇಳಿದರೆ ಹಗ್ಗ, ಗ್ರೀಸು, ಕತ್ತಲು ಮತ್ತು ನಾನು. ಗ್ರಾಹಕರಿಗೆ ಹೇಳಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡುತ್ತೇನೆ. ಅವರೂ ಓದಿ ತಲೆಯಾಡಿಸುತ್ತಾರೆ. ನಮ್ಮ ಕಸುಬಿನಲ್ಲಿ ದಿನಕ್ಕೆ ಇಪ್ಪತ್ತು ಸಲ ಹೇಳಬೇಕಾದ ಪದವೇ 'ಬಾಗಿಲು'. ಬಾಗಿಲು ಮುಚ್ಚುತ್ತಿಲ್ಲ, ಬಾಗಿಲು ಉಜ್ಜುತ್ತಿದೆ, ಬಾಗಿಲಿಗೆ ಕೈ ಕೊಡಬೇಡಿ. ಉಗ್ಗುವವನಿಗೆ ಬೇರೆ ಕಸುಬು ಸಿಗಲಿಲ್ಲವೇ ಎಂದು ನೀನು ನಗುತ್ತಿದ್ದೆ. 'ಬ' ಬಂದ ಕೂಡಲೇ ನನ್ನ ತುಟಿಗಳು ಅಂಟಿಕೊಂಡುಬಿಡುವುದು ಇನ್ನೂ ಹಾಗೆಯೇ ಇದೆ.

ಇರುವುದು ಬಟ್ಟೆ ಇಸ್ತ್ರಿ ಮಾಡುವ ಅಂಗಡಿಯ ಮೇಲಿನ ಒಂದೇ ಕೋಣೆ. ನೆಲದಿಂದ ಯಾವಾಗಲೂ ಸ್ವಲ್ಪ ಬೆಚ್ಚಗಿನ ಗಾಳಿ ಬರುತ್ತದೆ. ಒಂದು ಮಂಚ, ಒಂದು ಮೇಜು, ಒಂದು ಕುರ್ಚಿ. ಎರಡನೇ ಕುರ್ಚಿ ತರುವ ಸಂದರ್ಭ ಬಂದಿಲ್ಲ. ಒಂದು ವಿಚಿತ್ರ ಹೇಳಲಾ? ಒಬ್ಬನೇ ಇದ್ದಾಗ ನಾನು ಉಗ್ಗುವುದೇ ಇಲ್ಲ. ಮುಖ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಗೆ ದೊಡ್ಡ ಭಾಷಣವನ್ನೇ ಮಾಡುತ್ತೇನೆ. ಬಾಗಿಲು, ಬಕೆಟ್ಟು, ಬೆಂಕಿಪೊಟ್ಟಣ, ಎಲ್ಲವೂ ನೀರು ಕುಡಿದಂತೆ ಬರುತ್ತವೆ. ಕೇಳುವವರು ಒಬ್ಬರು ಬಂದರೆ ಸಾಕು, ಗಂಟಲಿಗೆ ಬೀಗ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಮಾತೇ ಬಾರದವನಿಗೆ ಜಗಳವಾಡುವ ಭಾಗ್ಯವೂ ಇಲ್ಲ. ಅದಕ್ಕೇ ನಿನ್ನ ಜೊತೆಯೂ ಜಗಳವಾಡದೆ, ಚೀಲ ಕಟ್ಟಿಕೊಂಡು ಬಂದುಬಿಟ್ಟೆ.

ಆ ದಿನದ ವಿಷಯ ಈಗ ಬರೆಯಲೇಬೇಕು, ಅಕ್ಕ.

ಕನ್ನಡಕದ ಅಂಗಡಿಯಾಕೆ ಮದುವೆಯ ಮಾತಿಗೆಂದು ತನ್ನ ಅಣ್ಣನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ನೀನು ಬೆಳಿಗ್ಗೆಯಿಂದ ಎರಡು ಸಲ ನೆಲ ಒರೆಸಿದ್ದೆ. ಅವಳು ನೇರ ಸ್ವಭಾವದವಳು. ಸುತ್ತಿ ಬಳಸಿ ಮಾತಾಡದೆ ನನ್ನ ಕಡೆಗೇ ತಿರುಗಿ, ನಿಮಗೆ ಈ ಮದುವೆ ಬೇಕೋ ಬೇಡವೋ, ಬೇರೆಯವರ ಮಾತು ಸಾಕು, ನೀವೇ ಹೇಳಿ ಎಂದಳು. ನಾನು ಬಾಯಿ ತೆರೆದೆ. "ಬೇ…" ಎಂದೆ. "ಬೇ… ಬೇ…" ಕುತ್ತಿಗೆಯ ನರ ಉಬ್ಬಿತು, ಕಣ್ಣು ತಾವಾಗಿ ಮುಚ್ಚಿಕೊಂಡವು. ನೀನು ಯಾವಾಗಲೂ ಮಾಡುವ ಹಾಗೆ ನನ್ನ ಮಾತನ್ನು ಮುಗಿಸಿಕೊಟ್ಟೆ. "ಬೇಡ ಅಂತಿದ್ದಾನೆ. ಹೇಳೋಕೆ ಸಂಕೋಚ ಅವನಿಗೆ. ತಪ್ಪು ತಿಳ್ಕೋಬೇಡಿ."

ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮೊದಲಕ್ಷರ. ನಾನು ಹೇಳಹೊರಟಿದ್ದು ಬೇಕು ಎಂದು.

ನಾನು ಕಣ್ಣು ಬಿಡುವಷ್ಟರಲ್ಲಿ ಅವಳು ಎದ್ದು ಚಪ್ಪಲಿ ಮೆಟ್ಟುತ್ತಿದ್ದಳು. ನೀನು ನನ್ನ ಬೆನ್ನು ಸವರಿ, ಹೋಗಲಿ ಬಿಡು, ಕಷ್ಟದ ಮಾತು ನಾನೇ ಆಡಿದೆನಲ್ಲ ಎಂದೆ. ಅದನ್ನು ನೀನು ಪ್ರೀತಿಯಿಂದಲೇ ಹೇಳಿದೆ. ತಿಂಗಳು ಕಳೆಯುವುದರೊಳಗೆ ನಾನು ಊರು ಬಿಟ್ಟೆ. ಯಾಕೆ ಹೋಗುತ್ತೀಯೋ ಎಂದು ನೀನು ಮೆಟ್ಟಿಲ ಮೇಲೆ ಕೂತು ಕೇಳಿದೆ. ನಾನು ಚೀಲದ ಬಾಯಿ ಕಟ್ಟುತ್ತಿದ್ದೆ. ನೀನೇ, ಒಳ್ಳೆ ಕೆಲಸ ಸಿಕ್ಕಿದೆ ಅಂತ ಕಾಣುತ್ತದೆ ಎಂದು ಅದನ್ನೂ ಮುಗಿಸಿಕೊಂಡೆ.

ಈಗ ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ಇವತ್ತು ಮಧ್ಯಾಹ್ನ ನಡೆದದ್ದನ್ನು ಯಾರಿಗಾದರೂ ಹೇಳಲೇಬೇಕು ಅನ್ನಿಸಿತು. ಮನೆಗೆ ಬಂದು ಬಾಗಿಲು ತೆಗೆದರೆ ಆ ಒಂದೇ ಕುರ್ಚಿ.

ಇಲ್ಲಿ ಒಂದು ಗ್ರಂಥಾಲಯವಿದೆ. ಎಂಟು ತಿಂಗಳ ಹಿಂದೆ ಅದರ ಲಿಫ್ಟಿನ ಬಾಗಿಲು ಮೊದಲ ಮಹಡಿಯಲ್ಲಿ ಕಚ್ಚಿಕೊಂಡಿತ್ತು. ನಾನು ಲಿಫ್ಟಿನ ಪೆಟ್ಟಿಗೆಯ ತಲೆಯ ಮೇಲೆ ಕೂತು, ಬಾಗಿಲು ಜಾರುವ ಹಳಿಯನ್ನು ಮರದ ಸುತ್ತಿಗೆಯಿಂದ ತಟ್ಟಿ ಸರಿಮಾಡುತ್ತಿದ್ದೆ. ಗೋಡೆಯ ಆಚೆ ಮಕ್ಕಳ ಕೋಣೆ. ಅಲ್ಲಿ ಒಬ್ಬ ಹೆಂಗಸು ಕಥೆ ಹೇಳುತ್ತಿದ್ದರು. ಮಳೆಯಲ್ಲಿ ನೆನೆದ ಇಲಿಯೊಂದು ಮನೆ ಮನೆ ತಟ್ಟುವ ಕಥೆ. ಪ್ರತಿ ಮನೆ ಬಂದಾಗಲೂ ಎಲ್ಲರೂ ಕೂಡಿ ಹೇಳುವ ಸಾಲು ಒಂದಿತ್ತು:

ಟಕ್ಕು ಟಕ್ಕು ಬಾಗಿಲೇ, ಒಳಗೆ ಯಾರಾದ್ರು ಇದ್ದೀರಾ?
ಬಾಲ ನೆನೆದ ಇಲಿ ನಾನು, ಚೂರೇ ಜಾಗ ಕೊಡ್ತೀರಾ?

ಮೂರನೇ ಮನೆಗೆ ಬರುವಷ್ಟರಲ್ಲಿ, ಅಕ್ಕ, ನಾನೂ ಹೇಳುತ್ತಿದ್ದೆ. ಸುತ್ತಿಗೆಯ ತಾಳಕ್ಕೆ. ಗಟ್ಟಿಯಾಗಿ. 'ಬಾಗಿಲೇ' ಬಂತು, ಅದರ ಹಿಂದೆಯೇ 'ಬಾಲ' ಬಂತು, ಎರಡೂ ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಬಂದವು. ಸುತ್ತಿಗೆ ಕೈಯಲ್ಲೇ ನಿಂತಿತು. ಆಚೆ ಕಡೆ ಆ ಹೆಂಗಸು ಮಕ್ಕಳಿಗೆ ಹೇಳಿದ್ದು ಕೇಳಿಸಿತು: ಲಿಫ್ಟಿನೊಳಗೂ ಒಂದು ಇಲಿ ಇದೆ ಕಣ್ರೋ, ಅದಕ್ಕೂ ಜಾಗ ಕೊಡಿ.

ಮಕ್ಕಳು ಅವರನ್ನು ಕಥೆಯಮ್ಮ ಅನ್ನುತ್ತಾರೆ. ಸಾಮಾನು ಕಟ್ಟಿಕೊಂಡು ಹೊರಟಾಗ ಅವರು ಎದುರಾದರು. ಪ್ರತಿ ಶನಿವಾರ ಮೂರು ಗಂಟೆಗೆ ಎಂದಷ್ಟೇ ಹೇಳಿದರು. ನಾನು ವಾರದ ರಜೆಯನ್ನು ಶನಿವಾರಕ್ಕೆ ಬದಲಾಯಿಸಿಕೊಂಡೆ.

ಅಲ್ಲಿಗೆ ಮಕ್ಕಳಷ್ಟೇ ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ದೊಡ್ಡವರೂ ಇರುತ್ತೇವೆ. ನಿವೃತ್ತ ಬಸ್ ಡ್ರೈವರ್ ಒಬ್ಬರು ಮೊಮ್ಮಗಳನ್ನು ಕರೆತರುವ ನೆಪದಲ್ಲಿ ಬರುತ್ತಾರೆ. ಹಾಡುವಾಗ ಅವರ ದನಿಯೇ ಎಲ್ಲರಿಗಿಂತ ಜೋರು, ತಾಳ ಮಾತ್ರ ಯಾವಾಗಲೂ ಒಂದು ನಿಲ್ದಾಣ ಹಿಂದೆ. ಒಬ್ಬಳು ನರ್ಸು, ಮಗುವಿಲ್ಲದೆ ಒಬ್ಬಳೇ ಬರುತ್ತಾಳೆ. ಎರಡನೇ ಕಥೆಗೆಲ್ಲ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಾಳೆ, ಕೂಡಿ ಹೇಳುವ ಸಾಲು ಬಂದಾಗ ಮಾತ್ರ ಕಣ್ಣು ಮುಚ್ಚಿಕೊಂಡೇ ತುಟಿ ಅಲ್ಲಾಡಿಸುತ್ತಾಳೆ. ಎಂಟು ತಿಂಗಳಲ್ಲಿ ನಾವು ಮೂವರೂ ಒಬ್ಬರ ಜೊತೆ ಒಬ್ಬರು ಹತ್ತು ಮಾತು ಆಡಿಲ್ಲ. ಆದರೂ ಒಂದೇ ಉಸಿರಿನಲ್ಲಿ ನೂರಾರು ಸಾಲು ಹೇಳಿದ್ದೇವೆ. ಹಾಡುವಾಗ ನಾನು ಎಲ್ಲರ ಹಾಗೆ ಇರುತ್ತೇನೆ. ನಾಲ್ಕು ಗಂಟೆಗೆ ಮಕ್ಕಳು ದೊಡ್ಡವರ ಕೈ ಹಿಡಿದು ಹೊರಟುಹೋಗುತ್ತವೆ. ನಾನು ಪುಟ್ಟ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸಿಟ್ಟು, ದಾರಿಯುದ್ದಕ್ಕೂ ಆ ಸಾಲನ್ನು ಗೊಣಗುತ್ತಾ ಬರುತ್ತೇನೆ. ಕೋಣೆಗೆ ಬಂದು ಹೇಳಿದರೆ ಅದು ಅರ್ಧವೇ ಅನ್ನಿಸುತ್ತದೆ. ಕೂಡಿ ಹೇಳುವ ಸಾಲನ್ನು ಒಬ್ಬನೇ ಹೇಳಿದರೆ ಅದಕ್ಕೆ ಕಾಲೇ ಇರುವುದಿಲ್ಲ.

ಇವತ್ತು ಹೋದಾಗ ಕಥೆಯಮ್ಮ ಕುತ್ತಿಗೆಗೆ ಉಣ್ಣೆಯ ವಸ್ತ್ರ ಸುತ್ತಿಕೊಂಡು ಕೂತಿದ್ದರು. ಗಂಟಲು ಪೂರ್ತಿ ಕಟ್ಟಿತ್ತು. ಬಾಯಿ ತೆರೆದರೆ ಗಾಳಿ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಹನ್ನೊಂದು ಮಕ್ಕಳು ಆಗಲೇ ಚಾಪೆಯ ಮೇಲೆ ಕೂತಿದ್ದವು. ಅವರು ಒಂದು ಚೀಟಿ ಬರೆದು ನನ್ನ ಕೈಗಿಟ್ಟರು. ನೀವು ಹೇಳಿ, ಎಂದಿತ್ತು ಅದರಲ್ಲಿ. ಜನ್ಮವಿಡೀ ಚೀಟಿ ಕೊಟ್ಟವನಿಗೆ ಮೊದಲ ಸಲ ಯಾರೋ ಚೀಟಿ ಕೊಟ್ಟರು. ನಾನು ತಲೆಯಾಡಿಸಿ ಹಿಂದಕ್ಕೆ ಸರಿದೆ. ಡ್ರೈವರ್ ಅಜ್ಜ, ಹೋಗ್ರೀ, ಗಾಡಿ ಹೊರಡೋ ಹೊತ್ತಾಯ್ತು ಎಂದು ನನ್ನ ಬೆನ್ನಿಗೆ ಕೈ ಕೊಟ್ಟು ತಳ್ಳಿದರು.

ನನಗೆ ಬರುವ ಕಥೆ ಯಾವುದು? ನೀನು ಹೇಳಿದ್ದು ಬಿಟ್ಟು ಬೇರೆ ಯಾವುದಿದೆ. ಅಮ್ಮ ಕೆಲಸದಿಂದ ಬರುವವರೆಗೆ ನೀನು ನನಗೆ ಕಟ್ಟಿ ಹೇಳುತ್ತಿದ್ದ ಬಾವಲಿಯ ಕಥೆ. ಮೊದಲು ಹಾಡು ಹೇಳಿಬಿಟ್ಟೆ, ಅದರಲ್ಲಿ ಭಯವಿರಲಿಲ್ಲ:

ಕಾಲು ಮೇಲೆ, ತಲೆ ಕೆಳಗೆ, ತೂಗಿ ತೂಗಿ ಮಲಗುವೆ,
ನೀವು ಬಗ್ಗಿ ನೋಡಿದರೇ ನಿಮ್ಮ ಮುಖವ ನೋಡುವೆ.

ಹನ್ನೊಂದು ಮಕ್ಕಳೂ ಎದ್ದು ಬಗ್ಗಿ, ತಮ್ಮ ಕಾಲ ಸಂದಿಯಿಂದ ನನ್ನನ್ನು ನೋಡಿದವು. ಡ್ರೈವರ್ ಅಜ್ಜನೂ ಬಗ್ಗಿದರು, ಆಮೇಲೆ ನರ್ಸು ಅವರನ್ನು ಎತ್ತಿ ನಿಲ್ಲಿಸಬೇಕಾಯಿತು. ನಕ್ಕು ನಕ್ಕು ಸುಸ್ತಾಗಿ ಎಲ್ಲರೂ ಕೂತರು. ಇನ್ನು ಕಥೆ. ತಾಳವಿಲ್ಲ, ಜೊತೆಗೆ ಹೇಳುವವರಿಲ್ಲ. ಒಂದು ಊರಿನಲ್ಲಿ ಒಂದು, ಎಂದೆ. "ಬಾ…" ಅಲ್ಲಿಗೆ ನಿಂತೆ.

ತುಟಿ ಅಂಟಿತು. ಕುತ್ತಿಗೆಯ ನರ ಉಬ್ಬಿತು. ಒಂದು ಮಗು, ಬಾತುಕೋಳಿನಾ ಎಂದು ಕೇಳಿತು. ನಾನು ಅಲ್ಲ ಎಂದು ತಲೆಯಾಡಿಸಿದೆ. ಡ್ರೈವರ್ ಅಜ್ಜನ ಮೊಮ್ಮಗಳು, ಐದು ವರ್ಷದವಳು ಇರಬಹುದು, ಅಂಗೈಯಲ್ಲಿ ಗಲ್ಲವಿಟ್ಟುಕೊಂಡು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವಳು ಪಕ್ಕದ ಮಗುವಿನ ತೊಡೆಯ ಮೇಲೆ ಕೈಯಿಟ್ಟು ಹೇಳಿದಳು: "ತಡಿ, ಬರ್ತಾ ಇದೆ."

ಅಷ್ಟೇ, ಅಕ್ಕ. ಬಸ್ಸಿಗೆ ಕಾಯುವವರು ಹೇಳುವ ಹಾಗೆ. ಕನಿಕರ ಇರಲಿಲ್ಲ, ಅವಸರ ಇರಲಿಲ್ಲ. ಹನ್ನೊಂದು ಮಕ್ಕಳೂ ಕಾದವು. ಆಮೇಲೆ ಬಂತು. ಬಾವಲಿ.

ಓ, ಬಾವಲಿ, ಎಂದು ಅವು ಒಂದರ ಮುಖ ಒಂದು ನೋಡಿಕೊಂಡವು, ಕಾದದ್ದಕ್ಕೆ ಬೆಲೆ ಬಂತು ಅನ್ನುವ ಹಾಗೆ. ಅಲ್ಲಿಂದ ಮುಂದೆ ಒಂಬತ್ತು ಕಡೆಯೋ ಹತ್ತು ಕಡೆಯೋ ನಿಂತೆ. ಪ್ರತಿ ಸಲವೂ ಅವು ಉಸಿರು ಹಿಡಿದು ಮುಂದಕ್ಕೆ ಬಾಗುತ್ತಿದ್ದವು. ನಾನು ಬೇಕೆಂದೇ ಹಾಗೆ ಮಾಡುತ್ತಿದ್ದೇನೆ ಎಂದು ಅವುಗಳ ನಂಬಿಕೆ ಇದ್ದಿರಬೇಕು. ಮುಗಿದಾಗ ಕಥೆಯಮ್ಮ ಚಪ್ಪಾಳೆ ತಟ್ಟಲಿಲ್ಲ. ಕಣ್ಣು ಒರೆಸಿಕೊಂಡು ಕಿಟಕಿಯ ಕಡೆ ತಿರುಗಿದರು.

ದಾರಿಯಲ್ಲಿ ಬರುತ್ತಾ ನಿನ್ನ ಮೇಲೆ ಸಿಟ್ಟು ಬರಬೇಕಿತ್ತು. ಐದು ವರ್ಷದ ಮಗುವಿಗೆ ಗೊತ್ತಿರುವುದು ನಿನಗೆ ಯಾಕೆ ಗೊತ್ತಾಗಲಿಲ್ಲ ಎಂದು. ಬರಲಿಲ್ಲ. ಶಾಲೆಯಲ್ಲಿ ನನ್ನ ಹೆಸರು ಕೇಳಿದಾಗ ಮೂರು ತರಗತಿ ದಾಟಿ ಓಡಿಬಂದು ಹೇಳುತ್ತಿದ್ದವಳು ನೀನು. ನಾನು ಒದ್ದಾಡುವುದನ್ನು ನೋಡಿ ನಗುವವರನ್ನು ಕಂಡಿದ್ದೆ ನೀನು, ಕಾಯುವವರನ್ನು ಕಂಡೇ ಇರಲಿಲ್ಲ. ನಾನೂ ಇವತ್ತೇ ಕಂಡಿದ್ದು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಆ ದಿನ ಅವಳು ಹೋದ ಮೇಲೆ ನಾನು ಒಂದು ಚೀಟಿ ಬರೆದಿದ್ದೆ. 'ಬೇಕು' ಎಂದು, ಒಂದೇ ಪದ. ಬರೆಯುವುದರಲ್ಲಿ ನಾನು ಉಗ್ಗುವುದಿಲ್ಲವಲ್ಲ. ಅದನ್ನು ಜೇಬಿನಲ್ಲಿಟ್ಟುಕೊಂಡು ಇಪ್ಪತ್ತೆರಡು ದಿನ ಅವಳ ಅಂಗಡಿಯ ಮುಂದೆ ಓಡಾಡಿದೆ. ಒಳಗೆ ಹೋಗಲಿಲ್ಲ. ಕೊಟ್ಟ ಮೇಲೆ ಬಾಳುವುದು ಇರುತ್ತದೆ, ದಿನವೂ ಮಾತಾಡುವುದು ಇರುತ್ತದೆ ಎಂದು ಹೆದರಿದೆ. ನಿನ್ನ 'ಬೇಡ' ನನಗೆ ಒಳ್ಳೆಯ ಮರೆಯಾಯಿತು. ಆರು ವರ್ಷ ಅದರ ಹಿಂದೆ ನಿಂತು ನಿನ್ನನ್ನು ಬೈದೆ. ಅವಳು ಈಗ ಎಲ್ಲಿದ್ದಾಳೋ, ಅವಳ ಪಾಡಿಗೆ ಚೆನ್ನಾಗಿರಲಿ.

ಕೆಳಗೆ ಅಂಗಡಿಯವರು ಕದ ಎಳೆಯುತ್ತಿದ್ದಾರೆ. ನೆಲ ತಣ್ಣಗಾಗುತ್ತಿದೆ. ಬಾವಲಿಯ ಕಥೆಯ ಕೊನೆ ನನಗೆ ಸರಿಯಾಗಿ ನೆನಪಿರಲಿಲ್ಲ. ಏನೋ ಒಂದು ಕೂಡಿಸಿ ಮುಗಿಸಿದೆ. ನಿಜವಾದ ಕೊನೆ ಏನು ಎಂದು ಬರೆದು ತಿಳಿಸು. ಮಂಡಿಗೆ ಬಿಸಿ ಎಣ್ಣೆ ಹಚ್ಚಿಕೋ, ಮೆಟ್ಟಿಲು ಇಳಿಯುವಾಗ ಕಂಬಿ ಹಿಡಿದುಕೋ.

ಇಂತಿ ನಿನ್ನ ತಮ್ಮ,
ಮರಿ

ಮರೆತ ಮಾತು: ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ನಿನಗೆ ಬರುವ ಸದ್ದಿಲ್ಲದ ಫೋನು ನನ್ನದು. ಆಫೀಸಿನಲ್ಲಿ ಪಾಳಿ ಇದ್ದಾಗ ಅಲ್ಲಿಂದ ಮಾಡುತ್ತೇನೆ. ಮೊದಮೊದಲು ನೀನು ಯಾರೋ ಪೋಲಿ ಎಂದು ಬೈದು ಇಡುತ್ತಿದ್ದೆ. ಈಗ ಒಂದು ವರ್ಷದಿಂದ ಬೈಯುವುದೂ ಇಲ್ಲ, ಇಡುವುದೂ ಇಲ್ಲ. ಸುಮ್ಮನೆ ಹಿಡಿದುಕೊಂಡಿರುತ್ತೀಯ. ನಿನಗೆ ಗೊತ್ತಾಗಿದೆ ಎಂದು ನನಗೂ ಗೊತ್ತು. ಪಾಪ, ಮಾತು ಹೊರಡದೆ ಒದ್ದಾಡುತ್ತಿದ್ದಾನೆ ಎಂದುಕೊಂಡಿರುತ್ತೀಯ. ಹಾಗಲ್ಲ. ಒಮ್ಮೆ ಯೋಚಿಸಿ ನೋಡು, 'ಅಕ್ಕ' ಅನ್ನುವ ಪದದಲ್ಲಿ ನಾನು ಹುಟ್ಟಿದಾಗಿನಿಂದ ಒಂದು ಸಲವೂ ಉಗ್ಗಿಲ್ಲ.